ಟೀಸ್‌ಸೈಡ್ ಕಡೆ ಮನೆ ಮಾಡ್ತಿದ್ದೇವೆ, ಕಬ್ಬಿಣದ ಕಾರ್ಖಾನೆಗಳಿಗೆ ಮುಂಚೆ ಅಲ್ಲಿ ಏನಿತ್ತು?

ಹಾಸನದಮ್ಮ:

ಎಲ್ಲರಿಗೂ ನಮಸ್ಕಾರ. ಇಂಗ್ಲೆಂಡಿನ ಈಶಾನ್ಯಕ್ಕೆ, ಟೀಸ್ ನದಿ ಸಮುದ್ರ ಸೇರುವ ಟೀಸ್‌ಸೈಡ್ ಪ್ರದೇಶದ ಮಿಡಲ್ಸ್‌ಬರೋಗೆ ನರ್ಸ್ ಕೆಲಸದ ಮೇಲೆ ಬರ್ತಿದ್ದೇನೆ. ಯಜಮಾನರು, ಮಗ ಜೊತೆಗೇ ಬರ್ತಾರೆ. ಬಾಡಿಗೆ ಮನೆ ರೆಡ್‌ಕಾರ್ ಅಥವಾ ಸಾಲ್ಟ್‌ಬರ್ನ್ ಕಡೆ, ಸಮುದ್ರದ ಹತ್ತಿರ ಹುಡುಕ್ತಾ ಇದ್ದೇವೆ.

ಮಗನಿಗೆ ಹನ್ನೊಂದು ವರ್ಷ. ಬೇಲೂರು, ಹಳೇಬೀಡು, ಶ್ರವಣಬೆಳಗೊಳ ಸುತ್ತಿಕೊಂಡು ಬೆಳೆದವನು. ಯಾವ ಊರಿಗೆ ಕರ್ಕೊಂಡು ಹೋದ್ರೂ "ಇಲ್ಲಿ ಮೊದಲು ಯಾರಿದ್ರು, ಏನು ಮಾಡ್ತಿದ್ರು" ಅಂತ ಕೇಳೋದು ಅವನ ಅಭ್ಯಾಸ. ಈಗ ಹೋಗೋ ಊರಿನ ಬಗ್ಗೆಯೂ ಕೇಳ್ತಿದ್ದಾನೆ. ನಾನು ಪರಿಚಯದವರನ್ನ ವಿಚಾರಿಸಿದ್ರೆ ಎಲ್ಲರದ್ದೂ ಒಂದೇ ಮಾತು: "ಅದು ಕಾರ್ಖಾನೆ ಊರು. 1830ಕ್ಕೆ ಮುಂಚೆ ಬರೀ ಜೌಗು ನೆಲ, ಆಮೇಲೆ ಕಬ್ಬಿಣ, ಈಗ ಅದೂ ಮುಚ್ಚಿ ಹೋಗಿದೆ."

ಅಷ್ಟೇನಾ? ಅಲ್ಲೇ ಇರುವವರು ಯಾರಾದ್ರೂ ಇದ್ದರೆ ದಯವಿಟ್ಟು ಹೇಳಿ. ಮಗನಿಗೆ ತೋರಿಸೋಕೆ ಒಂದೆರಡು ಜಾಗ ಗೊತ್ತಾದ್ರೂ ಸಾಕು.

ಲೀಡ್ಸ್ ನಿವಾಸಿ:

ಮೇಡಂ, ನಿಮಗೆ ಹೇಳಿದವರ ಮಾತು ಬಹುಮಟ್ಟಿಗೆ ನಿಜ. 1801ರ ಜನಗಣತಿಯಲ್ಲಿ ಮಿಡಲ್ಸ್‌ಬರೋದಲ್ಲಿ ಇದ್ದದ್ದು 25 ಜನ. ಇತಿಹಾಸ ನೋಡಬೇಕು ಅಂದ್ರೆ ಯಾರ್ಕ್, ಡರಮ್, ವಿಟ್ಬಿ ಮೂರೂ ಕಾರಿನಲ್ಲಿ ಸುಮಾರು ಒಂದು ಗಂಟೆಯ ಒಳಗೆ ಸಿಗುತ್ತವೆ. ವಾಸಕ್ಕೆ ಟೀಸ್‌ಸೈಡ್, ನೋಡೋಕೆ ಆ ಮೂರು ಊರು ಅಂತ ಇಟ್ಕೊಳ್ಳಿ.

ಟೀಸ್ ದಂಡೆ:

ಲೀಡ್ಸ್‌ನವರ ಲೆಕ್ಕ ಸರಿ, 25 ಜನ ಇದ್ದದ್ದು ಹೌದು. ಆದರೆ ಆ ಸಲಹೆಯನ್ನ ಮಾತ್ರ ಒಪ್ಪೋಕೆ ನನ್ನಿಂದ ಆಗಲ್ಲ. ನಾನು ಮೂಲತಃ ಕುಮಟಾ ತಾಲ್ಲೂಕಿನವನು, ವಿಲ್ಟನ್ ಕಡೆ ಒಂದು ರಾಸಾಯನಿಕ ಪ್ಲಾಂಟ್‌ನಲ್ಲಿ ಕೆಲಸ, ಮನೆ ಸಾಲ್ಟ್‌ಬರ್ನ್‌ನಲ್ಲಿ. ಮಕ್ಕಳು ಹುಟ್ಟಿ ಬೆಳೆದದ್ದು ಇಲ್ಲೇ. ಈ ಕರಾವಳಿಯ ಬಗ್ಗೆ "ನೋಡೋಕೆ ಏನಿದೆ" ಅಂತ ಯಾರಾದ್ರೂ ಅಂದ್ರೆ ನನಗೆ ಸುಮ್ಮನಿರೋಕೆ ಆಗಲ್ಲ. ಸ್ವಲ್ಪ ಉದ್ದ ಬರೀತೀನಿ, ಪುರುಸೊತ್ತಾದಾಗ ಓದಿ.

ಮೊದಲು ಜಾಗ ಗೊತ್ತು ಮಾಡ್ಕೊಳ್ಳಿ. ಸಾಲ್ಟ್‌ಬರ್ನ್ ಪಿಯರ್‌ನ ತುದಿಯಲ್ಲಿ ನಿಂತು ಬಲಕ್ಕೆ ನೋಡಿದ್ರೆ ಒಂದು ಕಡಿದಾದ ಬಂಡೆಗೋಡೆ ಕಾಣುತ್ತೆ, ಅದು ಹಂಟ್‌ಕ್ಲಿಫ್. ಅಲ್ಲಿಂದ ಸ್ಟೇಥ್ಸ್ ಎಂಬ ಮೀನುಗಾರರ ಹಳ್ಳಿಯವರೆಗೆ ದಂಡೆ ಹೀಗೇ ಎತ್ತರಕ್ಕೆ ಎದ್ದು ನಿಂತಿದೆ. ನಡುವೆ ಸ್ಕಿನ್ನಿಂಗ್ರೋವ್, ಲಾಫ್ಟಸ್, ಬೋಲ್ಬಿ. ಬೋಲ್ಬಿಯ ಬಂಡೆ 203 ಮೀಟರ್, ಇಂಗ್ಲೆಂಡಿನ ಪೂರ್ವ ಕರಾವಳಿಯಲ್ಲೇ ಅತಿ ಎತ್ತರದ್ದು. ಕ್ಲೀವ್‌ಲ್ಯಾಂಡ್ ವೇ ಎಂಬ ಕಾಲುದಾರಿ ಈ ಬಂಡೆಗಳ ತಲೆಯ ಮೇಲೇ ಹೋಗುತ್ತೆ. ಬೆಳಿಗ್ಗೆ ಹೊರಟರೆ ಸಂಜೆಯೊಳಗೆ ಆರಾಮಾಗಿ ನಡೆದು ಮುಗಿಸಬಹುದು. ನನ್ನ ಪ್ರಕಾರ ಇಡೀ ಟೀಸ್‌ಸೈಡ್‌ನ ಕಥೆ ಇರೋದು ಈ ಒಂದು ದಿನದ ದಾರಿಯಲ್ಲಿ. ಉದ್ಯಮ ಎಂಬುದು 1830ರಲ್ಲಿ ಹೊರಗಿನಿಂದ ತಂದು ಇಲ್ಲಿ ನೆಟ್ಟ ಗಿಡ ಅಂತ ಬಹಳ ಜನ ತಿಳಿದಿದ್ದಾರೆ. ಈ ದಂಡೆಯ ಜನ ಸಮುದ್ರದಿಂದ, ಬಂಡೆಯಿಂದ ಏನಾದ್ರೂ ತೆಗೆದು, ಕಾಯಿಸಿ, ಹದ ಮಾಡಿ, ಬೇರೆಯವರಿಗೆ ಕೊಡೋದನ್ನ ಶುರು ಮಾಡಿ ಐದೂವರೆ ಸಾವಿರ ವರ್ಷಕ್ಕೂ ಹೆಚ್ಚಾಯ್ತು.

ಅದಕ್ಕೆ ಸಾಕ್ಷಿ ಲಾಫ್ಟಸ್ ಹತ್ತಿರದ ಸ್ಟ್ರೀಟ್ ಹೌಸ್ ಎಂಬ ಹೊಲ. ಬಂಡೆಯ ತುದಿಗೆ ಹತ್ತಿದ ಮಾಮೂಲಿ ಗೋಧಿ ಹೊಲ, ಕುರಿ ಮೇಯುವ ಜಾಗ. ಸ್ಟೀವ್ ಶೆರ್ಲಾಕ್ ಎಂಬ ಪುರಾತತ್ವಜ್ಞರು ಅಲ್ಲಿ ದಶಕಗಳಿಂದ ಅಗೆಯುತ್ತಾ ಬಂದಿದ್ದಾರೆ. ಅಲ್ಲಿ ಅವರಿಗೆ ಸಿಕ್ಕಿದ್ದು ಒಂದು ಉಪ್ಪಿನ ಕಾರ್ಖಾನೆ. ಕ್ರಿಸ್ತಪೂರ್ವ 3800ರಿಂದ 3700ರ ನಡುವಿನದು. ಸ್ಟೋನ್‌ಹೆಂಜ್‌ನ ಕಲ್ಲು ನಿಲ್ಲಿಸುವುದಕ್ಕಿಂತ ಸಾವಿರ ವರ್ಷಕ್ಕೂ ಹಿಂದಿನದು. 2021ರಲ್ಲಿ ಅವರ ಲೇಖನ ಪ್ರಕಟವಾಗೋವರೆಗೆ ಬ್ರಿಟನ್ನಿನಲ್ಲಿ ಇಷ್ಟು ಹಳೆಯ ಉಪ್ಪಿನ ತಯಾರಿಕೆ ಗೊತ್ತೇ ಇರಲಿಲ್ಲ.

ನಾನು ಹುಟ್ಟಿದ್ದು ಸಾಣೀಕಟ್ಟಾದ ಉಪ್ಪಿನ ಆಗರಗಳಿಗೆ ಹತ್ತಿರದ ಊರಲ್ಲಿ, ಹಾಗಾಗಿ ಉಪ್ಪು ಹೇಗಾಗುತ್ತೆ ಅನ್ನೋದು ನನಗೆ ಹೊಸದಲ್ಲ. ಅಲ್ಲಿ ಭರತದ ನೀರನ್ನ ಒಳಗೆ ಬಿಟ್ಟು, ಪಾತಿಗಳಲ್ಲಿ ತೆಳುವಾಗಿ ಹರಡಿದ್ರೆ ಉಳಿದ ಕೆಲಸ ಬಿಸಿಲಿನದ್ದು. ಇಲ್ಲಿ ಆ ಬಿಸಿಲು ಎಲ್ಲಿಂದ ಬರಬೇಕು? ಇವರು ಸಮುದ್ರದ ನೀರನ್ನ ಆದಷ್ಟು ಗಟ್ಟಿ ಮಾಡಿಕೊಂಡು, ಆ ಉಪ್ಪುನೀರನ್ನ ಹೊತ್ತು ಬಂಡೆಯ ಮೇಲಕ್ಕೆ ತಂದು, ಅಗಲ ಬಾಯಿಯ ಮಣ್ಣಿನ ಪಾತ್ರೆಗಳಲ್ಲಿ ಹುಯ್ದು ಒಲೆಯ ಮೇಲೆ ಇಂಗಿಸುತ್ತಿದ್ದರು. ಅಗೆತದಲ್ಲಿ ಒಲೆಗಳು ಸಿಕ್ಕಿವೆ, ಬೆಂಕಿಯ ಶಾಖಕ್ಕೆ ಒಡೆದ ಪಾತ್ರೆಯ ಚೂರುಗಳು ಸಿಕ್ಕಿವೆ, ಆ ಚೂರುಗಳಿಗೆ ಉಪ್ಪಿನ ಅಂಶ ಅಂಟಿಕೊಂಡೇ ಇತ್ತು. ಆಗ ಇಲ್ಲಿಗೆ ಬೇಸಾಯವೂ ದನ ಸಾಕಣೆಯೂ ಬಂದು ಬಹಳ ಕಾಲ ಆಗಿರಲಿಲ್ಲ. ದನ ಕಡಿದ ಮೇಲೆ ಮಾಂಸ ಕೆಡದ ಹಾಗೆ ಇಡಬೇಕಾದ್ರೆ ಉಪ್ಪು ಬೇಕು. ಉಪ್ಪು ಇದ್ದವನ ಹತ್ತಿರ ಒಳನಾಡಿನವರು ಬರಲೇಬೇಕು. ನೀರು ಹೊರೋದು, ಸೌದೆ ಕಡಿಯೋದು, ಪಾತ್ರೆ ಸುಡೋದು, ಬೆಂಕಿಯ ಹದ ನೋಡ್ಕೊಳ್ಳೋದು, ಒಬ್ಬರಿಂದ ಆಗುವ ಕೆಲಸ ಇದಲ್ಲ. ಪ್ಲಾಂಟ್‌ನಲ್ಲಿ ದಿನವೂ ಆವಿ, ಶಾಖ, ಸಾಂದ್ರತೆ ಅಂತ ಲೆಕ್ಕ ಹಾಕುವ ನನಗೆ ಆ ಒಲೆಗಳ ನಕ್ಷೆ ನೋಡಿದಾಗ ಇವರು ನಮ್ಮ ಕಸುಬಿನವರು ಅಂತಲೇ ಅನ್ನಿಸುತ್ತೆ.

ಅದಕ್ಕೂ ಹಿಂದಿನ ಕಾಲ ಬೇಕಾದ್ರೆ ರೆಡ್‌ಕಾರ್ ಬೀಚೇ ಸಾಕು. ಅಲ್ಲಿ ಮರಳಿನ ಕೆಳಗೆ ಒಂದು ಕಾಡು ಮುಳುಗಿದೆ. 2018ರ ಮಾರ್ಚ್‌ನಲ್ಲಿ ದೊಡ್ಡ ಬಿರುಗಾಳಿ ಮರಳನ್ನೆಲ್ಲ ಎಳೆದುಕೊಂಡು ಹೋದಾಗ ಬೊಡ್ಡೆಗಳು, ಬಿದ್ದ ಕಾಂಡಗಳು, ಕಪ್ಪು ಕೊಳೆಮಣ್ಣು ಎಲ್ಲ ಹೊರಗೆ ಬಂದವು. ಸುಮಾರು 7,000 ವರ್ಷ ಹಳೆಯ ಕಾಡು ಅದು. ನಾನು ಹೋಗಿ ಒಂದು ಬೊಡ್ಡೆ ಮುಟ್ಟಿದೆ. ಒದ್ದೆ ಮರ ಮುಟ್ಟಿದ ಹಾಗೇ ಇತ್ತು, ಉಗುರು ಊರಿದ್ರೆ ಇಳಿಯುವಷ್ಟು ಮೆತ್ತಗೆ, ತೊಗಟೆ ಇನ್ನೂ ಗುರುತು ಸಿಗುವ ಹಾಗೆ. ಕೆಲವೇ ವಾರದಲ್ಲಿ ಮತ್ತೆ ಮರಳು ಮುಚ್ಚಿತು. ಒಂದು ಕಾಲಕ್ಕೆ ಇಲ್ಲಿಂದ ಡೆನ್ಮಾರ್ಕ್‌ವರೆಗೆ ಒಣನೆಲ ಇತ್ತು, ಜಿಂಕೆ ಬೇಟೆಯಾಡುತ್ತಾ ಜನ ನಡೆದೇ ಓಡಾಡುತ್ತಿದ್ದರು. ಹಿಮ ಕರಗಿ ಸಮುದ್ರ ಏರಿ ಸುಮಾರು 8,000 ವರ್ಷದ ಹಿಂದೆ ಆ ನಾಡು ಮುಳುಗಿತು. ಆ ಬೇಟೆಗಾರರನ್ನ ಹತ್ತಿರದಿಂದ ನೋಡಬೇಕಾದ್ರೆ ದಕ್ಷಿಣಕ್ಕೆ ಸ್ಕಾರ್ಬರೋ ಹತ್ತಿರದ ಸ್ಟಾರ್ ಕಾರ್ ಇದೆ. ಅಲ್ಲಿ ಸಾರಂಗದ ತಲೆಬುರುಡೆಯನ್ನ ಕೊಂಬಿನ ಸಮೇತ ಕೊರೆದು ಮಾಡಿದ ಮುಖವಾಡಗಳು ಸಿಕ್ಕಿವೆ, ಸುಮಾರು 11,000 ವರ್ಷ ಹಳೆಯವು. ನಿಮ್ಮ ಮಗನಿಗೆ ಇದು ಖಂಡಿತ ಇಷ್ಟವಾಗುತ್ತೆ.

ರೋಮನ್ನರ ಕಾಲವನ್ನ ಬೇಗ ದಾಟ್ತೀನಿ. ಕಡಲಿನಿಂದ ದಾಳಿ ಮಾಡುವವರ ಮೇಲೆ ಕಣ್ಣಿಡೋಕೆ ನಾಲ್ಕನೇ ಶತಮಾನದ ಕೊನೆಯಲ್ಲಿ ಹಂಟ್‌ಕ್ಲಿಫ್ ಮೇಲೆ ಒಂದು ಕಾವಲುಗೋಪುರ ಕಟ್ಟಿದ್ದರು. ಬಂಡೆ ಕುಸಿದು ಅದು ಸಮುದ್ರದ ಪಾಲಾಗಿದೆ.

ಆಮೇಲೆ ಮತ್ತೆ ಅದೇ ಸ್ಟ್ರೀಟ್ ಹೌಸ್ ಹೊಲ! 2005ರಿಂದ 2007ರವರೆಗೆ ಅಗೆದಾಗ ಏಳನೇ ಶತಮಾನದ 109 ಸಮಾಧಿಗಳು ಸಿಕ್ಕವು, ಚೌಕಾಕಾರವಾಗಿ ಸಾಲಾಗಿ ಜೋಡಿಸಿದ್ದವು. ನಡುವಿನ ಒಂದರಲ್ಲಿ ಒಬ್ಬ ಹೆಂಗಸನ್ನ ಮಂಚದ ಸಮೇತ ಮಣ್ಣು ಮಾಡಿದ್ದರು. ಮಣ್ಣಿನ ಹುಳಿಗೆ ಮೂಳೆಯೆಲ್ಲ ಕರಗಿ ಹೋಗಿದೆ, ಮಂಚದ ಕಬ್ಬಿಣದ ಪಟ್ಟಿಗಳು, ಮೊಳೆಗಳು, ಅವಳ ಚಿನ್ನದ ಪದಕಗಳು ಉಳಿದಿವೆ. ಒಂದು ಪದಕ ಚಿಪ್ಪಿನ ಆಕಾರದ್ದು, ಕೆಂಪು ಗಾರ್ನೆಟ್ ಕೂರಿಸಿದ್ದು. ರೆಡ್‌ಕಾರ್‌ನ ಕರ್ಕ್‌ಲೆದಮ್ ಮ್ಯೂಸಿಯಂನಲ್ಲಿ ಅದನ್ನ ಗಾಜಿನ ಹಿಂದೆ ಇಟ್ಟಿದ್ದಾರೆ, ಮಂಚವನ್ನೂ ಹೊಸದಾಗಿ ಮಾಡಿ ತೋರಿಸಿದ್ದಾರೆ. ನಿಮಗೆ ರೆಡ್‌ಕಾರ್‌ನಲ್ಲಿ ಮನೆ ಸಿಕ್ಕಿದ್ರೆ ಮೊದಲ ಭಾನುವಾರವೇ ಹೋಗಿ. ಅವಳ ಹೆಸರು ಯಾರಿಗೂ ಗೊತ್ತಿಲ್ಲ. ಆದರೆ ಕಾಲ ಗೊತ್ತು: ಸಂತ ಹಿಲ್ಡಾ ಮೊದಲು ಹಾರ್ಟಲ್‌ಪೂಲ್ ಮಠದ ಮುಖ್ಯಸ್ಥೆಯಾಗಿದ್ದು, ಆಮೇಲೆ 657ರಲ್ಲಿ ವಿಟ್ಬಿ ಮಠ ಕಟ್ಟಿದ್ದಳಲ್ಲ, ಹೆಚ್ಚು ಕಡಿಮೆ ಅದೇ ದಶಕಗಳು. ಆ ವಿಟ್ಬಿ ಮಠದಲ್ಲೇ ದನ ಕಾಯುತ್ತಿದ್ದ ಕ್ಯಾಡ್ಮನ್ ಹಾಡು ಕಟ್ಟಿದ್ದು. ಇಂಗ್ಲಿಷಿನಲ್ಲಿ ಹೆಸರು ಉಳಿದಿರುವ ಮೊಟ್ಟಮೊದಲ ಕವಿ ಅವನು. 867ರ ಹೊತ್ತಿಗೆ ಡೇನರು, ಅಂದ್ರೆ ಡೆನ್ಮಾರ್ಕ್ ಕಡೆಯ ವೈಕಿಂಗರು ಬಂದರು, ಮಠಗಳು ಹಾಳಾದವು. ಬಂದವರು ವಾಪಸ್ ಹೋಗದೆ ಇಲ್ಲೇ ಉಳುಮೆಗೆ ನಿಂತರು. ಆರ್ಮ್ಸ್‌ಬಿ, ನಾರ್ಮನ್‌ಬಿ, ಥಾರ್ನಬಿ, ನೀವು ಬಸ್ಸಿನ ಬೋರ್ಡಿನಲ್ಲಿ ದಿನವೂ ನೋಡುವ ಹೆಸರುಗಳೆಲ್ಲ ಅವರದ್ದೇ.

ಬರೀ ಜೌಗು ನೆಲ ಅಂದ್ರಲ್ಲ, ಆ ಜೌಗು ನೆಲದಲ್ಲಿ ಮಧ್ಯಯುಗದಲ್ಲೂ ಉಪ್ಪು ಕಾಯಿಸುತ್ತಿದ್ದರು. ಟೀಸ್ ನದಿ ಸಮುದ್ರ ಸೇರುವಲ್ಲಿ, ಕೌಪನ್ ಮಾರ್ಷ್ ಕಡೆ, ಉಪ್ಪು ತೆಗೆದು ಉಳಿದ ಮಣ್ಣಿನ ದಿಬ್ಬಗಳು ಇವತ್ತಿಗೂ ಹುಲ್ಲು ಬೆಳೆದು ನಿಂತಿವೆ. ಮಿಡಲ್ಸ್‌ಬರೋ ಊರಿನ ಜಾಗದಲ್ಲೇ ವಿಟ್ಬಿ ಮಠದ ಒಂದು ಸಣ್ಣ ಶಾಖೆ ಇತ್ತು. 25 ಜನ ಇದ್ದ ಕಾಲ ಬಂದದ್ದು ಅದೆಲ್ಲ ಹೋದ ಮೇಲೆ.

ಇನ್ನು ಪಟಿಕದ ಕಥೆ. ಇಂಗ್ಲೆಂಡಿನ ರಾಸಾಯನಿಕ ಉದ್ಯಮ ಶುರುವಾದದ್ದು ಈ ಬಂಡೆಗಳಲ್ಲಿ ಅಂತ ನಾನು ಧೈರ್ಯವಾಗಿ ಹೇಳ್ತೀನಿ. 1600ರ ಮೊದಲ ದಶಕದಲ್ಲಿ ಗಿಸ್ಬರೋದಲ್ಲಿ ಥಾಮಸ್ ಚಾಲೊನರ್ ಶುರು ಮಾಡಿದ್ದು 1871ರವರೆಗೆ, ಅಂದ್ರೆ ಎರಡೂವರೆ ಶತಮಾನಕ್ಕೂ ಹೆಚ್ಚು ನಡೆಯಿತು. ಲಾಫ್ಟಸ್, ಬೋಲ್ಬಿ, ಕೆಟಲ್‌ನೆಸ್, ಸ್ಯಾಂಡ್ಸೆಂಡ್, ರೇವನ್‌ಸ್ಕಾರ್, ಎಲ್ಲ ಕಡೆ ಬಂಡೆಯನ್ನ ಕಡಿದು ಕಡಿದು ಬೋಳು ಮಾಡಿದ್ದಾರೆ. ಕಾಲುದಾರಿಯಲ್ಲಿ ಹೋಗುವಾಗ ಲಾಫ್ಟಸ್ ದಾಟಿದ ಮೇಲೆ ಬೆಟ್ಟದ ಒಂದು ಮಗ್ಗುಲೇ ಇಲ್ಲದ ಹಾಗೆ ಕಾಣುತ್ತೆ, ಗಿಡ ಸರಿಯಾಗಿ ಬೆಳೆಯದ ಬೂದು ಕೆಂಪು ಜಲ್ಲಿ. ಅದು ಪ್ರಕೃತಿಯ ಕೆಲಸವಲ್ಲ, ಗುದ್ದಲಿಯ ಕೆಲಸ.

ಕಬ್ಬಿಣದ ಬಗ್ಗೆ ಇನ್ನೊಮ್ಮೆ ಬರೀತೀನಿ, ರಾತ್ರಿ ಪಾಳಿ ಇದೆ.

ಇಳಕಲ್ಲವ:

ಸರ್, ಓದಿ ಖುಷಿ ಆತು. ನಮ್ಮ ಮನಿತನ ನೇಕಾರರದು, ನಮ್ಮಜ್ಜ ನೂಲಿಗೆ ಬಣ್ಣ ಹಾಕೂ ಕೆಲಸಾನೂ ಮಾಡತಿದ್ದ. ಪಟಿಕದ ನೀರಾಗ ನೂಲು ಅದ್ದಿ ತಗದ ಮ್ಯಾಲೆ ಬಣ್ಣಕ್ಕ ಹಾಕಿದ್ರ ಬಣ್ಣ ಕಚ್ಚತದ, ಇಲ್ಲಾಂದ್ರ ಮೊದಲನೇ ತೊಳತಕ್ಕ ಹೋಗತದ ಅಂತ ಹೇಳತಿದ್ದ. ಅಂಗಡ್ಯಾಗ ಹರಳು ಹರಳಾಗಿ ಸಿಗೂ ಪಟಿಕ ಬಂಡಿಯಿಂದ ಹೆಂಗ ತಗೀತಿದ್ರು ಅನ್ನೂದು ನನಗ ಗೊತ್ತಿಲ್ಲ. ಸ್ವಲ್ಪ ಬಿಡಿಸಿ ಹೇಳ್ರಿ.

ಟೀಸ್ ದಂಡೆ:

ಇಳಕಲ್ಲಿನವರೇ, ನಿಮ್ಮ ಅಜ್ಜ ಹೇಳಿದ ಆ ಮಾತೇ ಈ ಇಡೀ ಉದ್ಯಮದ ಕಾರಣ. ಆಗ ಇಂಗ್ಲೆಂಡಿನ ದೊಡ್ಡ ವ್ಯಾಪಾರ ಉಣ್ಣೆ ಬಟ್ಟೆ. ಬಣ್ಣ ಕಚ್ಚಿಸೋಕೆ ಪಟಿಕ ಬೇಕು. ಯುರೋಪಿನಲ್ಲಿ ಒಳ್ಳೆಯ ಪಟಿಕ ಸಿಗುತ್ತಿದ್ದದ್ದು ರೋಮ್ ಹತ್ತಿರದ ಟೊಲ್ಫಾ ಗಣಿಗಳಲ್ಲಿ, ಅದರ ಹಿಡಿತ ಪೋಪ್‌ರ ಕೈಯಲ್ಲಿ. ಎಂಟನೇ ಹೆನ್ರಿ ಪೋಪ್ ಜೊತೆ ಸಂಬಂಧ ಕಡಿದುಕೊಂಡ ಮೇಲೆ ಇಂಗ್ಲೆಂಡಿಗೆ ಪಟಿಕ ಸಿಗೋದು ಕಷ್ಟವೂ ಆಯಿತು, ದುಬಾರಿಯೂ ಆಯಿತು. ಅದಕ್ಕೇ ಸ್ವಂತ ನೆಲದಲ್ಲಿ ಹುಡುಕಾಟ. ಚಾಲೊನರ್ ಪೋಪ್‌ರ ಗಣಿಯ ಕೆಲಸಗಾರರನ್ನ ಪೀಪಾಯಿಯಲ್ಲಿ ಬಚ್ಚಿಟ್ಟು ತಂದ ಅಂತ ಇಲ್ಲಿನವರು ಕಥೆ ಹೇಳ್ತಾರೆ. ಅದು ಕಟ್ಟುಕಥೆಯೇ ಇರಬೇಕು.

ಕೆಲಸ ಹೀಗೆ. ಬಂಡೆಯಲ್ಲಿ ಇರುವುದು ಪದರ ಪದರವಾದ ಬೂದು ಜೇಡಿಕಲ್ಲು. ಅದನ್ನ ಕಡಿದು, ಕೆಳಗೆ ಪೊದೆ ಸೌದೆ ಹಾಸಿ, ಮೇಲೆ ಗುಡ್ಡದ ಹಾಗೆ ಒಟ್ಟಿ ಬೆಂಕಿ ಕೊಡ್ತಿದ್ದರು. ಉರಿ ಏಳಬಾರದು, ಒಳಗೊಳಗೇ ಕಾಯಬೇಕು. ಹಾಗೆ ತಿಂಗಳುಗಟ್ಟಲೆ, ಒಂಬತ್ತು ತಿಂಗಳವರೆಗೂ ಕಾಯುತ್ತಿತ್ತು. ಕಲ್ಲಿನಲ್ಲಿರುವ ಗಂಧಕ ಆಮ್ಲವಾಗಿ ಅಲ್ಯೂಮಿನಿಯಂ ಅಂಶವನ್ನ ಹಿಡಿದುಕೊಳ್ಳುತ್ತೆ. ಸುಟ್ಟ ಕಲ್ಲನ್ನ ಕಲ್ಲುಕಟ್ಟಿನ ಹೊಂಡಕ್ಕೆ ಹಾಕಿ ನೀರು ಬಿಟ್ಟು, ಆ ನೀರನ್ನೇ ಮತ್ತೆ ಮತ್ತೆ ಹೊಸ ಕಲ್ಲಿನ ಮೇಲೆ ಹಾಯಿಸಿ ಗಟ್ಟಿ ಮಾಡ್ತಿದ್ದರು. ಆಮೇಲೆ ಕಾಲುವೆಯಲ್ಲಿ ಪಟಿಕದ ಮನೆಗೆ ಹರಿಸಿ ಸೀಸದ ಬಾಣಲೆಗಳಲ್ಲಿ ಕುದಿಸೋದು.

ಇಷ್ಟಾದ್ರೂ ಹರಳು ಕಟ್ಟಲ್ಲ. ಅದಕ್ಕೆ ಪೊಟ್ಯಾಶ್ ಇಲ್ಲವೇ ಅಮೋನಿಯಾ ಸೇರಬೇಕು. ಪೊಟ್ಯಾಶ್‌ಗೆ ಕಡಲಪಾಚಿ ಸುಟ್ಟ ಬೂದಿ. ಅಮೋನಿಯಾಗೆ ಮನುಷ್ಯರ ಉಚ್ಚೆ. ಸುತ್ತಲ ಹಳ್ಳಿಗಳದ್ದು ಸಾಲದೆ ನ್ಯೂಕಾಸಲ್, ಲಂಡನ್‌ನಿಂದ ಪೀಪಾಯಿಗಳಲ್ಲಿ ತುಂಬಿ ಹಡಗಿನಲ್ಲಿ ತರಿಸುತ್ತಿದ್ದರು. ಹಡಗು ಬರುವಾಗ ಅದು ಮತ್ತು ಕಲ್ಲಿದ್ದಲು, ಹೋಗುವಾಗ ಪಟಿಕ. ನೀರು ಹದಕ್ಕೆ ಬಂತೋ ಇಲ್ಲವೋ ನೋಡೋಕೆ ಕೋಳಿಮೊಟ್ಟೆ ತೇಲಿಬಿಡುತ್ತಿದ್ದರು ಅಂತ ಹೇಳೋದಿದೆ. ಒಂದು ಟನ್ ಪಟಿಕಕ್ಕೆ ಐವತ್ತು ಟನ್‌ಗೂ ಹೆಚ್ಚು ಕಲ್ಲು ಬೇಕಿತ್ತು. ಬೆಟ್ಟದ ಮಗ್ಗುಲೇ ಇಲ್ಲ ಅಂದೆನಲ್ಲ, ಅದು ಹೋದದ್ದು ಹೀಗೆ.

ಇದಕ್ಕೆ ಬೆಲೆ ತೆತ್ತವರೂ ಇದ್ದಾರೆ. ಕೆಟಲ್‌ನೆಸ್‌ನಲ್ಲಿ 1829ರ ಡಿಸೆಂಬರಿನ ಒಂದು ರಾತ್ರಿ ಇಡೀ ಹಳ್ಳಿ, ಪಟಿಕದ ಕಾರ್ಖಾನೆ ಸಮೇತ, ಜಾರಿ ಸಮುದ್ರಕ್ಕೆ ಇಳಿಯಿತು. ನೆಲ ಸರಿಯುವುದು ಗೊತ್ತಾಗಿ ಜನ ಓಡಿದರು. ಪಟಿಕ ತುಂಬೋಕೆ ಬಂದು ನಿಂತಿದ್ದ ಹಡಗು ಅವರನ್ನ ಹತ್ತಿಸಿಕೊಂಡಿತು. ಆಮೇಲೆ ಅಲ್ಲೇ ಮತ್ತೆ ಕಾರ್ಖಾನೆ ಕಟ್ಟಿದರು. ಕೊನೆಗೆ ಇದನ್ನ ಮುಗಿಸಿದ್ದು ಬೇರೆ ರಸಾಯನಶಾಸ್ತ್ರ. 1845ರಲ್ಲಿ ಪೀಟರ್ ಸ್ಪೆನ್ಸ್ ಎಂಬಾತ ಕಲ್ಲಿದ್ದಲ ಗಣಿಯ ಕಲ್ಲು ಮತ್ತು ಗಂಧಕಾಮ್ಲದಿಂದ ಅಗ್ಗವಾಗಿ ಪಟಿಕ ಮಾಡುವ ದಾರಿ ಕಂಡುಕೊಂಡ, 1856ರಿಂದ ಪಟಿಕ ಅಷ್ಟಾಗಿ ಬೇಡದ, ಡಾಂಬರಿನಿಂದ ತೆಗೆದ ಹೊಸ ಬಣ್ಣಗಳೂ ಬಂದವು.

ಪಕ್ಕದ ಸ್ಟೇಥ್ಸ್‌ಗೆ ಹೋದಾಗ ನಿಮ್ಮ ಹುಡುಗನಿಗೆ ಇದನ್ನೂ ಹೇಳಿ, ಮೇಡಂ: ಜೇಮ್ಸ್ ಕುಕ್ 1745ರಲ್ಲಿ ಅಲ್ಲಿನ ಅಂಗಡಿಯೊಂದಕ್ಕೆ ಕೆಲಸ ಕಲಿಯೋಕೆ ಸೇರಿದ ಹುಡುಗ. ಹುಟ್ಟಿದ್ದು ಮಾರ್ಟನ್‌ನಲ್ಲಿ, ಅದು ಈಗ ಮಿಡಲ್ಸ್‌ಬರೋದ ಒಂದು ಬಡಾವಣೆ. ಅಂಗಡಿ ಹಿಡಿಸದೆ ವಿಟ್ಬಿಗೆ ಹೋಗಿ ಕಲ್ಲಿದ್ದಲು ಸಾಗಿಸುವ ಹಡಗಿಗೆ ಸೇರಿದ. ಮುಂದೆ ಅವನು ಪೆಸಿಫಿಕ್‌ಗೆ ಒಯ್ದ ಎಂಡೆವರ್ ಕೂಡ ವಿಟ್ಬಿಯಲ್ಲಿ ಕಟ್ಟಿದ ಕಲ್ಲಿದ್ದಲು ಹಡಗೇ. ತಳ ಚಪ್ಪಟೆ, ಬಂದರು ಇಲ್ಲದ ದಂಡೆಯಲ್ಲೂ ಮರಳಿನ ಮೇಲೆ ಕೂರಿಸಿಬಿಡಬಹುದು.

ಭದ್ರಾವತಿ ಕುಲುಮೆ:

ನಮ್ಮ ತಂದೆ ಭದ್ರಾವತಿ ಕಾರ್ಖಾನೆಯಲ್ಲಿ ಬ್ಲಾಸ್ಟ್ ಫರ್ನೇಸ್ ಕಡೆ ಇದ್ದವರು, ಅದಕ್ಕೇ ಈ ಥ್ರೆಡ್ ಬಿಡೋಕೆ ಆಗ್ತಿಲ್ಲ. ನಮಗೆ ಕೆಮ್ಮಣ್ಣುಗುಂಡಿಯ ಅದಿರು ಬರ್ತಿತ್ತು, ಒಳ್ಳೆಯ ಅದಿರು. ಇಂಗ್ಲೆಂಡಿನ ಕ್ಲೀವ್‌ಲ್ಯಾಂಡ್ ಅದಿರು, ಅಂದ್ರೆ ಇದೇ ಮಿಡಲ್ಸ್‌ಬರೋ ಸುತ್ತಲಿನ ಗುಡ್ಡಗಳದ್ದು, ಕಳಪೆ, ರಂಜಕ ಜಾಸ್ತಿ ಅಂತ ಅಪ್ಪ ಹೇಳ್ತಿದ್ರು. ಅಂಥ ಅದಿರು ಇಟ್ಕೊಂಡು ಇವರು ಅಷ್ಟು ದೊಡ್ಡ ಉಕ್ಕಿನ ಊರು ಕಟ್ಟಿದ್ದು ಹೇಗೆ?

ಟೀಸ್ ದಂಡೆ:

ನಿಮ್ಮ ತಂದೆ ಹೇಳಿದ್ದು ಅಕ್ಷರಶಃ ನಿಜ. ಇಲ್ಲಿನ ಅದಿರಿನಲ್ಲಿ ಕಬ್ಬಿಣ ಇದ್ದದ್ದು ನೂರಕ್ಕೆ ಮೂವತ್ತರ ಹತ್ತಿರ ಅಷ್ಟೇ. ಬೇರೆ ಅನುಕೂಲಗಳು ಅದನ್ನ ತೂಗಿಸಿದವು.

ಮೊದಲು ಬಂದದ್ದು ರೈಲು. 1825ರ ಸ್ಟಾಕ್ಟನ್-ಡಾರ್ಲಿಂಗ್ಟನ್ ರೈಲು ಇದ್ದದ್ದು ಡರಮ್‌ನ ಕಲ್ಲಿದ್ದಲನ್ನ ನದಿಗೆ ತರೋಕೆ. ಸ್ಟಾಕ್ಟನ್‌ನಲ್ಲಿ ನದಿಯ ಆಳ ಸಾಲದೆ ಹೋಯಿತು. ರೈಲು ಕಂಪನಿಯ ಜೋಸೆಫ್ ಪೀಸ್ ಮತ್ತು ಕ್ವೇಕರ್ ಎಂಬ ಕ್ರೈಸ್ತ ಪಂಥದ ಅವನ ಪಾಲುದಾರರು ಇನ್ನೂ ಕೆಳಗೆ, ಮಿಡಲ್ಸ್‌ಬರೋದಲ್ಲಿ, ಸುಮಾರು 500 ಎಕರೆ ಕೊಂಡು ಬಂದರು ಮಾಡಿದರು, 1830ರಲ್ಲಿ ರೈಲು ಅಲ್ಲಿಗೆ ಬಂತು. 1831ರಲ್ಲಿ ಊರಲ್ಲಿ 154 ಜನ, 1901ರ ಹೊತ್ತಿಗೆ 91,000 ದಾಟಿತ್ತು. 1862ರಲ್ಲಿ ಆಗಿನ ಹಣಕಾಸು ಮಂತ್ರಿ ಗ್ಲ್ಯಾಡ್‌ಸ್ಟನ್ ಇಲ್ಲಿಗೆ ಬಂದಾಗ ಈ ಊರನ್ನ, ಗ್ರೀಕ್ ಪುರಾಣದ ಮಹಾಬಲಶಾಲಿಯ ಹೆಸರಿನಲ್ಲಿ, ಹರ್ಕ್ಯುಲಿಸ್ ಕೂಸು ಅಂತ ಕರೆದ.

ನಡುವೆ ಆದದ್ದು 1850ರ ಜೂನ್ 8ರ ಸಂಗತಿ. ಕಬ್ಬಿಣದ ಕಾರ್ಖಾನೆ ನಡೆಸುತ್ತಿದ್ದ ಜಾನ್ ವಾನ್ ಮತ್ತು ಗಣಿ ಎಂಜಿನಿಯರ್ ಜಾನ್ ಮಾರ್ಲಿ ಈಸ್ಟನ್ ಗುಡ್ಡದಲ್ಲಿ ಅದಿರಿನ ಮುಖ್ಯ ಪದರ ಕಂಡರು. ಮೊಲದ ಬಿಲಕ್ಕೆ ಕಾಲು ಸಿಕ್ಕಿ ಎಡವಿದ್ದರಿಂದ ಸಿಕ್ಕಿತು ಅಂತ ಊರ ಕಥೆ. ನಿಜದಲ್ಲಿ ಅವರು ಸ್ಕಿನ್ನಿಂಗ್ರೋವ್ ಕಡೆಯಿಂದ ಆ ಪದರದ ಜಾಡು ಹಿಡಿದೇ ಬಂದಿದ್ದರು. ಅಲ್ಲಿ 1848ರಿಂದಲೇ ಅದಿರು ತೆಗೀತಿದ್ದರು. ಈಸ್ಟನ್‌ನಲ್ಲಿ ಪದರದ ದಪ್ಪ ಹದಿನಾರು ಅಡಿ, ಮನುಷ್ಯ ಬಗ್ಗದೆ ನಿಂತು ಕಡಿಯಬಹುದಿತ್ತು. ಆ ಗುಡ್ಡದ ನೆತ್ತಿಯಲ್ಲಿ ಕಂಚಿನ ಯುಗದ ಕೊನೆಗೆ ಸೇರಿದ ಒಂದು ಕೋಟೆಯ ದಿಬ್ಬವೂ ಇದೆ, ಮಕ್ಕಳನ್ನ ಹತ್ತಿಸೋಕೆ ಒಳ್ಳೆಯ ಜಾಗ. ಅದಿರು ಇಲ್ಲೇ, ಕೋಕ್ ಡರಮ್‌ನಿಂದ, ಸುಣ್ಣಕಲ್ಲು ಪೆನೈನ್ ಬೆಟ್ಟದಿಂದ, ಮುಂದೆ ಬಂದರು. ಹತ್ತಾರು ಮೈಲಿ ಒಳಗೆ ಎಲ್ಲವೂ. 1870ರ ದಶಕದಲ್ಲಿ ಬ್ರಿಟನ್ನಿನ ಬೀಡುಕಬ್ಬಿಣದ ಸುಮಾರು ಮೂರನೇ ಒಂದು ಪಾಲು ಇಲ್ಲಿಂದ ಹೋಗ್ತಿತ್ತು. ಕೆಲಸಕ್ಕೆ ಐರ್ಲೆಂಡ್, ವೇಲ್ಸ್, ಎಲ್ಲಿಂದೆಲ್ಲಿಂದಲೋ ಜನ ಬಂದರು. ವಾನ್‌ನ ಪಾಲುದಾರ, ಊರಿನ ಮೊದಲ ಮೇಯರ್ ಹೆನ್ರಿ ಬಾಲ್ಕೊ ಹುಟ್ಟಿದ್ದೇ ಜರ್ಮನಿಯಲ್ಲಿ. ಹೊರಗಿನಿಂದ ಬಂದ ನಮ್ಮಂಥವರು ಈ ಊರಿಗೆ ಹೊಸಬರಲ್ಲ.

ಈಗ ನಿಮ್ಮ ರಂಜಕ. ಬೀಡುಕಬ್ಬಿಣಕ್ಕೆ, ಮೆತುಕಬ್ಬಿಣಕ್ಕೆ ಅದು ಅಷ್ಟು ತೊಂದರೆ ಕೊಡಲಿಲ್ಲ. ಆದರೆ ರೈಲು ಕಂಬಿಗಳು ಉಕ್ಕಿಗೆ ಬದಲಾದಾಗ ಕುತ್ತಿಗೆಗೆ ಬಂತು. ಕರಗಿದ ಕಬ್ಬಿಣವನ್ನ ಉಕ್ಕು ಮಾಡುವ ಬೆಸೆಮರ್ ಕನ್ವರ್ಟರಿನ ಒಳಗೋಡೆ ಮರಳುಕಲ್ಲಿನ ಜಾತಿಯದ್ದು, ಆಮ್ಲ ಗುಣದ್ದು, ರಂಜಕವನ್ನ ಹಿಡಿಯೋಕೆ ಅದರಿಂದ ಆಗಲ್ಲ. ರಂಜಕ ಉಳಿದ ಉಕ್ಕು ಚಳಿಗೆ ಬಿರುಕು ಬಿಡುತ್ತೆ. ಪಕ್ಕದಲ್ಲೇ ಗುಡ್ಡದಷ್ಟು ಅದಿರಿದ್ದೂ ಸ್ಪೇನಿನಿಂದ ಹಡಗಿನಲ್ಲಿ ತರಿಸುವ ಸ್ಥಿತಿ ಬಂತು. ದಾರಿ ತೋರಿಸಿದವನು ಲಂಡನ್ನಿನ ಪೊಲೀಸ್ ಕೋರ್ಟಿನ ಗುಮಾಸ್ತ ಸಿಡ್ನಿ ಗಿಲ್‌ಕ್ರಿಸ್ಟ್ ಥಾಮಸ್. ಸಂಜೆ ಕಾಲೇಜಿನಲ್ಲಿ ರಸಾಯನಶಾಸ್ತ್ರ ಕಲಿತವನು. ರಸಾಯನತಜ್ಞನಾಗಿದ್ದ ಸೋದರಸಂಬಂಧಿ ಪರ್ಸಿ ಗಿಲ್‌ಕ್ರಿಸ್ಟ್ ಜೊತೆ ಸೇರಿ, ಒಳಗೋಡೆಯನ್ನ ಡಾಲಮೈಟ್ ಇಟ್ಟಿಗೆಯಲ್ಲಿ ಕಟ್ಟಿ, ಕರಗಿದ ಕಬ್ಬಿಣಕ್ಕೆ ಸುಣ್ಣ ಹಾಕಿದ. ರಂಜಕವೆಲ್ಲ ಸುಣ್ಣದ ಜೊತೆ ಸ್ಲ್ಯಾಗಿಗೆ, ಅಂದ್ರೆ ಮೇಲೆ ತೇಲುವ ಕಿಟ್ಟಕ್ಕೆ ಹೋಯಿತು. 1879ರ ಏಪ್ರಿಲ್‌ನಲ್ಲಿ ಬಾಲ್ಕೊ-ವಾನ್ ಕಂಪನಿಯವರ ಕಾರ್ಖಾನೆಯಲ್ಲೇ ದೊಡ್ಡ ಪ್ರಮಾಣದಲ್ಲಿ ಮಾಡಿ ತೋರಿಸಿದರು. ಆ ಸ್ಲ್ಯಾಗ್ ಪುಡಿ ಮಾಡಿ ಹೊಲಕ್ಕೆ ಗೊಬ್ಬರವಾಗಿ ಹಾಕಿದರು.

ಇಲ್ಲಿನದೇ ಇನ್ನೊಂದು ಕಂಪನಿ ಡಾರ್ಮನ್ ಲಾಂಗ್ 1932ರಲ್ಲಿ ತೆರೆದ ಸಿಡ್ನಿ ಹಾರ್ಬರ್ ಸೇತುವೆಯನ್ನ ಕಟ್ಟಿತು, ಅದರ ಬಹುಪಾಲು ಉಕ್ಕು ಟೀಸ್‌ಸೈಡ್‌ನದ್ದು. ಕೊನೆಯ ಅದಿರು ಗಣಿ, ನಾರ್ತ್ ಸ್ಕೆಲ್ಟನ್, 1964ರ ಜನವರಿಯಲ್ಲಿ ಮುಚ್ಚಿತು. 1979ರಲ್ಲಿ ಹೊತ್ತಿಸಿದ ರೆಡ್‌ಕಾರ್ ಫರ್ನೇಸ್ ಟಾಟಾ ಕೈಯಿಂದ ಥಾಯ್ಲೆಂಡಿನ ಕಂಪನಿಗೆ ಹೋಗಿ, 2015ರ ಅಕ್ಟೋಬರಿನಲ್ಲಿ ಆರಿತು. 2022ರ ನವೆಂಬರಿನಲ್ಲಿ ಅದನ್ನ ಸಿಡಿಸಿ ಕೆಡವಿದರು. ನಮ್ಮ ಬೀದಿಯಲ್ಲೇ ಅಪ್ಪ, ಮಗ ಇಬ್ಬರೂ ಒಟ್ಟಿಗೆ ಕೆಲಸ ಕಳೆದುಕೊಂಡ ಮನೆ ಇದೆ. ಅದರ ಬಗ್ಗೆ ಭದ್ರಾವತಿಯವರಿಗೆ ನಾನು ವಿವರಿಸಿ ಹೇಳಬೇಕಾಗಿಲ್ಲ.

ಹಾಸನದಮ್ಮ:

ಎಲ್ಲವನ್ನೂ ಮಗನಿಗೆ ಓದಿ ಹೇಳಿದೆ. ಉಚ್ಚೆಯ ಹಡಗಿನ ವಿಷಯ ಎರಡು ಸಲ ಓದಿಸಿದ. ಅವನದೊಂದು ಪ್ರಶ್ನೆ: ಅಷ್ಟು ಹಿಂದೆ ಉಪ್ಪು ಮಾಡ್ತಿದ್ದ ಜಾಗದಲ್ಲಿ ಈಗ ಯಾರೂ ಉಪ್ಪು ತೆಗೆಯಲ್ವಾ?

ಟೀಸ್ ದಂಡೆ:

ತೆಗೀತಾರೆ! ಹುಡುಗ ಸರಿಯಾದ ಕಡೆಗೇ ಕೈ ಹಾಕಿದ. ಸ್ಟ್ರೀಟ್ ಹೌಸ್ ಹೊಲದಿಂದ ಪೂರ್ವಕ್ಕೆ ಸ್ವಲ್ಪ ದೂರದಲ್ಲೇ ಬೋಲ್ಬಿ ಗಣಿ ಇದೆ. 1973ರಿಂದ ನಡೀತಿದೆ, ಸುಮಾರು 1,100 ಮೀಟರ್ ಆಳ, ಸುರಂಗಗಳು ಉತ್ತರ ಸಮುದ್ರದ ಅಡಿಗೆ ಹೋಗಿವೆ. ಕೆಳಗೆ ಶಾಖ 40 ಡಿಗ್ರಿ ಮುಟ್ಟುತ್ತೆ. ಸುಮಾರು 25 ಕೋಟಿ ವರ್ಷದ ಹಿಂದೆ ಇಲ್ಲೊಂದು ಸಮುದ್ರ ಬತ್ತಿ ಬಿಟ್ಟು ಹೋದ ಪದರಗಳು ಅವು. ಮೊದಲು ಪೊಟ್ಯಾಶ್, ಈಗ ಪಾಲಿಹ್ಯಾಲೈಟ್ ಎಂಬ ಗೊಬ್ಬರದ ಖನಿಜ ತೆಗೀತಾರೆ, ಜೊತೆಗೆ ಕಲ್ಲುಪ್ಪು. ಚಳಿಗಾಲದಲ್ಲಿ ರಸ್ತೆ ಹೆಪ್ಪುಗಟ್ಟದ ಹಾಗೆ ಲಾರಿಯಿಂದ ಕಂದು ಬಣ್ಣದ ಉಪ್ಪು ಎರಚುತ್ತಾರಲ್ಲ, ಅಂಥದ್ದು ಈ ಗಣಿಯಿಂದ ಹೋಗುತ್ತೆ. ಅಷ್ಟು ಆಳದಲ್ಲಿ ಆಕಾಶದ ಕಿರಣಗಳ ಗಲಾಟೆ ಕಡಿಮೆ ಅಂತ ವಿಜ್ಞಾನಿಗಳು ಕಪ್ಪು ದ್ರವ್ಯ ಹುಡುಕುವ ಪ್ರಯೋಗಾಲಯವನ್ನೂ ಅಲ್ಲೇ ಇಟ್ಟಿದ್ದಾರೆ.

ಮಿಡಲ್ಸ್‌ಬರೋ ಅಡಿಯಲ್ಲೂ ಉಪ್ಪಿದೆ. 1859ರಲ್ಲಿ ಬಾಲ್ಕೊ-ವಾನ್ ಕಂಪನಿಯವರು ನೀರಿಗಾಗಿ ಕೊರೆಯಲು ಶುರು ಮಾಡಿದ ಬಾವಿಯಲ್ಲಿ ಸಿಕ್ಕಿದ್ದು ಉಪ್ಪಿನ ಪದರ. ಟೀಸ್‌ಸೈಡ್‌ನ ರಾಸಾಯನಿಕ ಕಾರ್ಖಾನೆಗಳಿಗೆ ಅದೊಂದು ಬುನಾದಿ. ಬಿಲ್ಲಿಂಗಮ್‌ನಲ್ಲಿ 1920ರ ದಶಕದಲ್ಲಿ ಗಾಳಿಯ ಸಾರಜನಕದಿಂದ ಅಮೋನಿಯಾ ಮಾಡೋಕೆ ಶುರು ಮಾಡಿದಾಗ, ಅದನ್ನ ಗೊಬ್ಬರ ಮಾಡಲು ಬೇಕಾದ ಅನ್‌ಹೈಡ್ರೈಟ್ ಎಂಬ ಖನಿಜವನ್ನ ಕಾರ್ಖಾನೆಯ ಅಡಿಯಲ್ಲೇ ಗಣಿ ತೋಡಿ ತೆಗೆದರು. ಉಪ್ಪುನೀರು ಹೀರಿ ತೆಗೆದ ಮೇಲೆ ಉಳಿದ ಪೊಳ್ಳುಗಳಲ್ಲಿ ಈಗ ಹೈಡ್ರೋಜನ್ ತುಂಬಿಡುತ್ತಾರೆ. ನಾನು ಅನ್ನ ತಿನ್ನುತ್ತಿರೋದೂ ಇದೇ ಕಸುಬಿನಿಂದ.

ಬಂದ ಮೇಲೆ ಮೊದಲು ಕರ್ಕ್‌ಲೆದಮ್ ಮ್ಯೂಸಿಯಂ, ಆಮೇಲೆ ಸ್ಕಿನ್ನಿಂಗ್ರೋವ್‌ನ ಗಣಿ ಮ್ಯೂಸಿಯಂ. ಅಲ್ಲಿ ನಿಜವಾದ ಅದಿರು ಗಣಿಯ ಒಳಗೇ ಕರ್ಕೊಂಡು ಹೋಗ್ತಾರೆ, ಮಗನಿಗೆ ಸ್ವೆಟರ್ ಹಾಕಿಸಿ. ಬಂಡೆಗಳ ಕೆಳಗೆ ದಂಡೆಯಲ್ಲಿ ನಡೆಯೋ ಆಸೆ ಆದ್ರೆ ಇಳಿತ-ಭರತದ ಸಮಯ ನೋಡದೆ ಹೋಗಲೇಬೇಡಿ. ನೀರು ಏರಿದ್ರೆ ಹಂಟ್‌ಕ್ಲಿಫ್ ಕೆಳಗೆ ಹತ್ತೋಕೆ ದಾರಿ ಇಲ್ಲ. ಮೇಲಿನ ಕಾಲುದಾರಿಯಲ್ಲೂ ಅಂಚಿಗೆ ಹೋಗಬೇಡಿ, ಬಂಡೆ ಇನ್ನೂ ಉದುರುತ್ತಲೇ ಇದೆ. ಮನೆ ಗೊತ್ತಾದ ಮೇಲೆ ಇಲ್ಲೇ ಒಂದು ಸಾಲು ಬರೀರಿ, ನಮ್ಮ ಮನೆಯವರೂ ಜೊತೆಗೆ ಬರ್ತಾರೆ, ಲಾಫ್ಟಸ್ ಕಡೆಯಿಂದ ಸ್ಟೇಥ್ಸ್‌ವರೆಗೆ ಒಟ್ಟಿಗೆ ನಡೆಯೋಣ.